ಕಾಕವಿಗೆ ಗೇಟ್ ಬಂದ್

ನಮ್ಮ ಕಾಕವಿಯನ್ನು ಗಟಾರಕ್ಕೆ ಚೆಲ್ಲಿದರು. ಅದು ತಪ್ಪು. ಎಂಬತ್ತರ ದಶಕದ ಕೊನೆಗೆ, ಗೋವಾದ ಸಾಂಕೋಲೆಯ ಒಂದು ಕಾರ್ಖಾನೆಯ ಗೇಟಿನಲ್ಲಿ, ನನ್ನ ಕಣ್ಣೆದುರಿಗೇ ಚೆಲ್ಲಿದರು. ದುಡಿಯಲು ಬಂದವರ ಕೈ ಬೇಕು, ಅವರ ಬುತ್ತಿ ಕಂಡರೆ ಅನುಮಾನ. ಇಂಥದ್ದು ನಮಗೆ ಆಗುತ್ತಲೇ ಇರುತ್ತದೆ. ನಗು ಬರುವುದು ಆಮೇಲೆ.

ವಾಸನೆಯಿಲ್ಲದ ರಮ್

ಕಾಕವಿ ಅಂದರೆ ಕಬ್ಬಿನ ಹಾಲು ಕಾದು ಕಾದು ಬೆಲ್ಲವಾಗುವ ಮೊದಲೇ ಇಳಿಸಿದ ಪಾಕ. ನಮ್ಮವ್ವ ಅದನ್ನು ಖಾಲಿ ರಮ್ ಬಾಟಲಿಯಲ್ಲಿ ತುಂಬಿ ಬುತ್ತಿಗೆ ಕಟ್ಟುತ್ತಿದ್ದಳು. ನಮ್ಮ ಮನೆಯಲ್ಲಿ ಕುಡಿಯುವವರು ಯಾರೂ ಇಲ್ಲ. ಆದರೆ ಗೋವಾದಲ್ಲಿ ಅದಕ್ಕಿಂತ ಗಟ್ಟಿ ಮುಚ್ಚಳದ ಬಾಟಲಿ ಪುಕ್ಕಟೆ ಸಿಗುವುದಿಲ್ಲ.

ಉತ್ತರ ಭಾರತದ ಕಡೆಯ ವಾಚ್‌ಮನ್ ಬಾಟಲಿ ಹಿಡಿದ.

"ಕಾಕವಿ ಐತ್ರಿ, ಮೂಸಿ ನೋಡ್ರಿ" ಅಂದೆ.

ಮೂಸಿದ. "ವಾಸನೆ ನಹೀ ಆತಾ. ಬಹುತ್ ಮೆಹಂಗಾ ರಮ್ ಹೈ" ಅಂದು, ವಾಸನೆಯೇ ಬಾರದಷ್ಟು ದುಬಾರಿ ರಮ್ ಅಂತ ತೀರ್ಮಾನಿಸಿ ಗಟಾರಕ್ಕೆ ಸುರಿದ.

ಮರುದಿನ ಬೆಳಿಗ್ಗೆ ಗೇಟಿಗೆ ಇರುವೆ ಮುತ್ತಿದವು. ನಾಲ್ಕು ದಿನ ಅವನು ಸ್ಟೂಲಿನ ಮೇಲೆ ಕಾಲೆತ್ತಿಕೊಂಡೇ ಡ್ಯೂಟಿ ಮಾಡಿದ. ಇರುವೆಗಳಿಗೆ ಗೇಟ್ ಪಾಸ್ ಕೇಳಲು ಅವನಿಗೂ ಆಗಲಿಲ್ಲ.

ಸಾಹೇಬರ ದ್ರಾಕ್ಷಿ

ವಾರದೊಳಗೆ ನೋಟೀಸು ಬಂತು: ಕಪ್ಪು ದ್ರವ ಒಳಗೆ ತರಕೂಡದು. ಮಧ್ಯಾಹ್ನ ನಲವತ್ತು ಮಂದಿ ಒಣ ಚಪಾತಿ ಅಗಿಯುವಂತಾಯಿತು. ನಾನು ಕಲಿತದ್ದು ನಾಲ್ಕನೆಯ ಇಯತ್ತೆ. ಉಳಿದದ್ದನ್ನು ಭಜಿ ಕಟ್ಟಿಕೊಟ್ಟ ಪೇಪರ್ ಓದಿ ಕಲಿತೆ. ಅಷ್ಟು ಸಾಕು ಅಂತ ಮ್ಯಾನೇಜರರ ಮುಂದೆ ಹೋಗಿ ನಿಂತೆ.

ಅವರಿಗೆ ಕನ್ನಡ ಬರುತ್ತಿರಲಿಲ್ಲ, ನಮ್ಮಿಬ್ಬರ ಮಾತು ಹಿಂದಿಯಲ್ಲೇ. "ಕಬ್ಬಿನಿಂದಲೇ ಅಲ್ಲವೇ ರಮ್ ಮಾಡುವುದು?" ಅಂದರು.

"ದ್ರಾಕ್ಷಿಯಿಂದ ವೈನ್ ಮಾಡುತ್ತಾರೆ ಸಾಹೇಬರೇ."

ಅವರ ಮೇಜಿನ ಮೇಲೆ ತಟ್ಟೆ ತುಂಬ ದ್ರಾಕ್ಷಿ ಇತ್ತು. ಮೆಲ್ಲಗೆ ಅದರ ಮೇಲೆ ಕರವಸ್ತ್ರ ಮುಚ್ಚಿದರು. ನೋಟೀಸು ಮಾತ್ರ ತೆಗೆಯಲಿಲ್ಲ.

ಕೆನಡಾದ ಬಡತನ

ನಮ್ಮ ಬಾಡಿಗೆ ಖೋಲಿಯ ಮಾಲೀಕ ಗೋವೆಯವನೇ. ಹಡಗಿನಲ್ಲಿ ಕೆಲಸ ಮಾಡಿ ಊರೂರು ಕಂಡವನು. ನಮ್ಮ ಕಥೆ ಕೇಳಿ ಒಳಗಿನಿಂದ ಎಲೆಯಾಕಾರದ ಪುಟ್ಟ ಬಾಟಲಿ ತಂದ. ಕೆನಡಾದ ಮೇಪಲ್ ಸಿರಪ್. ಅವ್ವನ ಅಂಗೈಗೆ ಒಂದು ಹನಿ ಬಿಟ್ಟ.

ಅವ್ವ ನೆಕ್ಕಿದಳು. "ಚಲೋ ಐತಿ. ನಮ್ಮ ಕಾಕವಿಗೆ ನೀರು ಬೆರಿಸಿದಂಗ ಐತಿ."

"ಅಲ್ಲಿ ಮರಕ್ಕೆ ತೂತು ಕೊರೆದು ರಸ ಇಳಿಸ್ತಾರೆ, ಮಾಂಯ್. ದಿನಗಟ್ಟಲೆ ಕಾಯಿಸ್ತಾರೆ" ಅಂದ ಅವನು, ತನ್ನ ಮುರುಕು ಕನ್ನಡದಲ್ಲಿ.

ಅವ್ವನಿಗೆ ಅದೇನು ದೊಡ್ಡದು? ಊರಿನ ಆಲೆಮನೆಯಲ್ಲಿ ಬೆಂಡಿ ಗಿಡದ ಲೋಳೆ ಹಾಕಿ ಕೊಪ್ಪರಿಗೆಯ ಹೊಲಸು ತೆಗೆದವಳು, ಬೆರಳ ನಡುವೆ ಹನಿ ಹಿಡಿದು ಎಳೆ ನೋಡಿ ಬೆಂಕಿ ಹಿಂದಕ್ಕೆಳೆಸಿದವಳು. ಒಂದು ಗಳಿಗೆ ತಡವಾದರೆ ಕಾಕವಿ ಹೋಗಿ ಬೆಲ್ಲ. ಅವಳ ಕೊಪ್ಪರಿಗೆ ಒಂದು ಸಲವೂ ತಪ್ಪಿಲ್ಲ.

"ಗಿಡಕ್ಕ ತೂತ ಹೊಡೀತಾರ?" ಅಂದಳು. "ಪಾಪ, ಅವರಿಗೆ ಕಬ್ಬು ಇಲ್ಲೇನು?"

ಮಾಲೀಕ ನಗುತ್ತಲೇ ಇನ್ನೊಂದು ಮಾತು ಹೇಳಿದ. ಅಲ್ಲಿ ಪಾಕ ಕಾಯಿಸುವ ಕಾಲಕ್ಕೆ ಊರವರೆಲ್ಲ ಕೂಡಿ ಅದನ್ನೇ ಹಬ್ಬ ಮಾಡಿ ತಿನ್ನುತ್ತಾರಂತೆ. ನನಗೆ ಅಷ್ಟೇ ಬೇಕಾಗಿತ್ತು.

ಮಹಾಕವಿಯ ಆಗಮನ

ನಮ್ಮ ಕನ್ನಡ ಸಂಘದ ಕಾರ್ಯದರ್ಶಿ ಕರಾವಳಿಯ ಮೇಷ್ಟ್ರು. ಅವರ ಊರಲ್ಲಿ ಕಾಕವಿಗೆ ಜೋನಿಬೆಲ್ಲ ಅನ್ನುತ್ತಾರೆ. ಅವರಿಗೆ ಚೀಟಿ ಕಳಿಸಿದೆ: "ರವಿವಾರ ಕಾಕವಿ ಬರತೈತಿ. ಎಲ್ಲಾರನ್ನೂ ಕರೀರಿ. ಮ್ಯಾನೇಜರನ್ನೂ ಬಿಡಬ್ಯಾಡ್ರಿ."

ನಾಲ್ಕನೆಯ ಇಯತ್ತೆಯವನ ಬರಹ, ತಪ್ಪಿರಬೇಕು ಅಂತ ಮೇಷ್ಟ್ರು ತಿದ್ದಿದರು. ಸಂಘದ ಹಲಗೆಯ ಮೇಲೆ ಬರೆದರು: "ಭಾನುವಾರ ಮಹಾಕವಿ ಬರುತ್ತಾರೆ."

ಶಾಲು ಬಂತು, ಹಾರ ಬಂತು. ಮ್ಯಾನೇಜರ್ ಮುಖ್ಯ ಅತಿಥಿ. ನನ್ನ ಸೋದರಮಾವ ಊರಿಂದ ಬಸ್ಸಿನಲ್ಲಿ ಬಂದು, ತಲೆಯ ಮೇಲೆ ಡಬ್ಬಿ ಹೊತ್ತು ಸಂಘದ ಸಭೆಯೊಳಗೆ ಕಾಲಿಟ್ಟ. ಮೇಷ್ಟ್ರು ಓಡಿ ಹೋಗಿ ಹಾರ ಹಾಕಿದರು.

"ಕವಿಗಳೇ, ಪ್ರಯಾಣ ಸುಖವಾಯಿತೇ?"

"ನಾ ಅಲ್ರೀ ಸರ" ಅಂದ ಮಾವ, ಡಬ್ಬಿಯನ್ನು ದೊಡ್ಡ ಕುರ್ಚಿಯ ಮೇಲೆ ಇಳಿಸುತ್ತ. "ನೀವು ಕಾಯಾಕತ್ತಿದ್ದು ಇದರಾಗ ಐತಿ."

ಮೇಷ್ಟ್ರು ಡಬ್ಬಿ ನೋಡಿದರು, ನನ್ನನ್ನು ನೋಡಿದರು. ಅವ್ವ ಮುಚ್ಚಳ ತೆಗೆದಳು. ಮೇಷ್ಟ್ರು ಮೂಸಿ, "ಅಯ್ಯೋ, ಜೋನಿಬೆಲ್ಲ ಮಾರಾಯ್ರೆ" ಅಂದರು. ಹಾರ ಮಾವನ ಕೊರಳಿಂದ ಡಬ್ಬಿಗೆ ಹೋಯಿತು. ಶಾಲನ್ನೂ ಅದಕ್ಕೇ ಹೊದಿಸಿದರು.

ಅವ್ವ ಬಿಸಿ ಚಪಾತಿ, ತುಪ್ಪ, ಕಾಕವಿ ಬಡಿಸಿದಳು. ಮ್ಯಾನೇಜರ್ ಮೂರು ತಿಂದು ನಾಲ್ಕನೆಯದಕ್ಕೆ ಕೈ ಚಾಚಿದರು. ನಡುವೆ ಸಿಟ್ಟಿನಿಂದ ಕೇಳಿದರು, "ಇದನ್ನು ನಮ್ಮ ಗೇಟಿನಲ್ಲಿ ತಡೆದವನು ಯಾರು?"

ಹಿಂದಿನ ಸಾಲಿನಲ್ಲಿ ಐದನೆಯ ಚಪಾತಿ ಮೆಲ್ಲುತ್ತಿದ್ದ ವಾಚ್‌ಮನ್ ಎದ್ದು ನಿಂತ. "ಮೈನೇ, ಸಾಬ್. ನೋಟೀಸ್ ಪರ್ ಸಹಿ ಆಪ್ ಕಾ ಥಾ."

ಸೋಮವಾರ ನೋಟೀಸು ಇರಲಿಲ್ಲ. ಆದರೆ ಅದು ಒಂದೇ ಗೇಟು. ಕುಂಡಯಿಯ ಕಾರ್ಖಾನೆಗಳ ಕಡೆ ಇನ್ನೂ ತಡೆಯುತ್ತಾರಂತೆ, ನಮ್ಮವರು ಇನ್ನೂ ತಲೆ ತಗ್ಗಿಸಿ ಬಾಟಲಿ ಒಪ್ಪಿಸುತ್ತಾರಂತೆ. ಒಪ್ಪಿಸಬೇಡಿ. ರಮ್ಮಿನ ಚೀಟಿ ಕಿತ್ತುಹಾಕಿ, ದಪ್ಪ ಕನ್ನಡ ಅಕ್ಷರದಲ್ಲಿ ಕಾಕವಿ ಅಂತ ಬರೆದು ಅಂಟಿಸಿ. ನಾಳೆ ಅದೇ ಬಾಟಲಿ ಹಿಡಿದು ಗೇಟಿಗೆ ಹೋಗಿ. ವಾಚ್‌ಮನ್ ತಡೆದರೆ, ಜೊತೆಗೆ ಒಯ್ದ ಚಪಾತಿಯನ್ನು ಅದರಲ್ಲಿ ಅದ್ದಿ ಅವನ ಕೈಗೆ ಕೊಡಿ. ಅವನು ತಿಂದು ಮುಗಿಸುವ ತನಕ ಅಲ್ಲಿಂದ ಕದಲಬೇಡಿ.