ಒಂದೇ ಕಣ್ಣು, ನೂರೆಂಟು ಡಾಕ್ಟರು

ನಮ್ಮ ಕಾಲೊನಿಯಲ್ಲಿ ಯಾರದಾದರೂ ಕಣ್ಣಿಗೆ ಆಪರೇಷನ್ ಆಯಿತೆಂದರೆ ಸಾಕು, ಮರುದಿನ ಬೆಳಗಾಗುವುದರೊಳಗೆ ಎಲ್ಲರೂ ಕಣ್ಣಿನ ಡಾಕ್ಟರಾಗಿಬಿಡುತ್ತಾರೆ. ಬೇರೆಯವರ ಸರದಿ ಬಂದಾಗ ನಾನು ನೋಡಿ ನಗುತ್ತಿದ್ದೆ. ಈ ಚಳಿಗಾಲದಲ್ಲಿ ನನ್ನ ಸರದಿ ಬಂತು.

ಮೊದಲೇ ಹೇಳಿಬಿಡುತ್ತೇನೆ, ನಾನು ಹಟಮಾರಿ. ನಾಗಪುರದ ಒಂದು ಸರ್ಕಾರಿ ಕಾರ್ಖಾನೆಯ ತಪಾಸಣೆ ವಿಭಾಗದಲ್ಲಿ ದುಡಿದು ನಿವೃತ್ತಳಾದವಳು. ಅಳತೆ ಕೂದಲೆಳೆಯಷ್ಟು ಹೆಚ್ಚುಕಡಿಮೆ ಇದ್ದರೂ 'ನಪಾಸು' ಎಂದು ಟ್ರೇ ವಾಪಸು ತಳ್ಳುವುದೇ ನನ್ನ ಕೆಲಸ. ಎದುರಿಗೆ ಫೋರ್‌ಮನ್ ನಿಂತಿರಲಿ, ಅವನ ಸಾಹೇಬರೇ ನಿಂತಿರಲಿ. ನೌಕರಿ ಮುಗಿದರೂ ಆ ಚಟ ಬಿಟ್ಟಿಲ್ಲ.

ಇನ್ನು ಕಣ್ಣಿನ ವಿಷಯ. ನನಗಿರುವುದು ನೋಡಲು ಎರಡಾದರೂ ಕೆಲಸಕ್ಕೆ ಬರುವುದು ಒಂದೇ. ಎಡಗಣ್ಣು ಹುಟ್ಟಾ ಸೋಮಾರಿ, ಬೆಳಕು ಕತ್ತಲೆ ಬಿಟ್ಟರೆ ಬೇರೇನನ್ನೂ ಸರಿಯಾಗಿ ತೋರಿಸಿದ್ದಿಲ್ಲ. ಇಷ್ಟು ವರ್ಷ ದುಡಿದದ್ದೆಲ್ಲ ಬಲಗಣ್ಣು. ಅದಕ್ಕೇ ಪೊರೆ ಬಂದಿತ್ತು. ಧಾರವಾಡದಲ್ಲಿ ನಮ್ಮವ್ವ ಕಲಿಸಿದ ಕಸೂತಿಯನ್ನು ಒಂದು ಇಳಕಲ್ ಸೀರೆಯ ಸೆರಗಿಗೆ ಹಾಕುತ್ತಿದ್ದೆ. ಎಳೆ ಎಣಿಸಲಾಗದೆ ಅರ್ಧಕ್ಕೆ ಬಿಟ್ಟೆ. ಅದರ ಮೇಲಿನ ಆನೆ ಸೊಂಡಿಲಿಲ್ಲದೆ ಎಷ್ಟೋ ತಿಂಗಳಿಂದ ನಿಂತಿತ್ತು. ಈ ಕಣ್ಣೂ ಕೈಕೊಟ್ಟರೆ ಮುಂದೇನು ಎಂದು ನನಗೆ ಹೆದರಿಕೆಯಾಗಿತ್ತು, ಮುಚ್ಚಿಡುವುದೇಕೆ. ಹೆದರಿಕೆಯಾದಾಗ ನನ್ನ ಹಟ ಇನ್ನಷ್ಟು ಹೆಚ್ಚುತ್ತದೆ.

ಕಣ್ಣಿಗೂ ಮಂಡಿಗೂ ಏನು ಸಂಬಂಧ

ಡಾಕ್ಟರು ಎಳೆ ವಯಸ್ಸಿನ ಮರಾಠಿ ಹುಡುಗಿ. ಯಾವ ಯಾವ ಗುಳಿಗೆ ತೆಗೆದುಕೊಳ್ಳುತ್ತೀರಿ, ಯಾವುದಾದರೂ ಔಷಧದಿಂದ ಹಿಂದೆ ತೊಂದರೆಯಾಗಿದೆಯೇ ಎಂದು ಕೇಳಿದಳು. ನಾನು ಬಾಯಿ ತೆರೆಯುವುದರೊಳಗೆ ನಮ್ಮ ಯಜಮಾನರು ಏನೂ ಇಲ್ಲ, ಎಲ್ಲ ಬರೋಬರ್ ಐತಿ ಎಂದುಬಿಟ್ಟರು. ಸಾಹೇಬರ ಕುರ್ಚಿಯಲ್ಲಿ ಯಾರೇ ಕೂತಿರಲಿ, ಅವರ ಎದುರಿಗೆ ಎಲ್ಲವೂ ಬರೋಬರ್ ಎನ್ನುವುದು ಇವರ ಹಳೆಯ ರೂಢಿ.

ನಾನು ಚೀಲವನ್ನು ಮೇಜಿನ ಮೇಲೆ ಬರಿದು ಮಾಡಿದೆ. ಬಿ.ಪಿ. ಗುಳಿಗೆ, ಮಂಡಿನೋವಿನ ಗುಳಿಗೆ, ಎಲ್ಲ ಬಿದ್ದವು. ಹಿಂದೊಮ್ಮೆ ಒಂದು ನೋವಿನ ಗುಳಿಗೆ ನುಂಗಿ ಉಬ್ಬಸ ಬಂದು ಒದ್ದಾಡಿದ್ದನ್ನೂ ಹೇಳಿದೆ. ಯಜಮಾನರು ಮೇಜಿನ ಕೆಳಗೆ ನನ್ನ ಕಾಲು ತುಳಿದರು. ಇದನ್ನೆಲ್ಲ ಕೇಳಿ ಡಾಕ್ಟರು ಆಪರೇಷನ್ ಮುಂದೂಡಿದರೆ ಎಂಬ ಚಿಂತೆ ಅವರದು.

ಡಾಕ್ಟರು ಮಾತ್ರ ನೆಟ್ಟಗೆ ಕೂತಳು. ಆ ಗುಳಿಗೆಯ ಹೆಸರನ್ನು ಮತ್ತೊಮ್ಮೆ ಕೇಳಿ, ಬರೆದಿದ್ದ ಹನಿಯನ್ನು ಹೊಡೆದುಹಾಕಿ ಬೇರೆಯದನ್ನು ಬರೆದಳು. ಕಣ್ಣಿನ ಬಾವು ಇಳಿಸುವ ಹನಿಗಳಲ್ಲಿ ಕೆಲವು ಆ ನೋವಿನ ಗುಳಿಗೆಗಳ ಬಳಗದವೇ ಅಂತೆ. ಬಾಯಿಂದ ಹೋಗಿ ಉಬ್ಬಸ ತಂದದ್ದು ಕಣ್ಣಿಂದ ಹೋದರೂ ತರಬಹುದು, ಹೇಳಿದ್ದು ಬಹಳ ಒಳ್ಳೆಯದಾಯಿತು ಎಂದಳು.

ಹೊರಗೆ ಬಂದ ಮೇಲೆ ಯಜಮಾನರು ಮೆಲ್ಲಗೆ ಕೇಳಿದರು.

"ಹಂಗಾರ ನನ್ನ ಕಣ್ಣಿನ ಸಲುವಾಗಿ ಬಂದಾಗ ಮೂಲವ್ಯಾಧಿನೂ ಹೇಳಬೇಕಾಗ್ತದೇನು?"

ನೀವೇನೂ ಹೇಳಬೇಡಿ, ಎಲ್ಲರಿಗೂ ಕೇಳಿಸುವ ಹಾಗೆ ನಾನೇ ಹೇಳುತ್ತೇನೆ ಎಂದೆ.

ಯಜಮಾನರ ಸೇವೆ

ಹನಿಯನ್ನು ಆಪರೇಷನ್ನಿನ ಹಿಂದಿನ ದಿನದಿಂದಲೇ ಶುರು ಮಾಡಬೇಕಿತ್ತು. ಯಜಮಾನರಿಗೆ ಇದು ತಲೆಗೆ ಹೋಗಲಿಲ್ಲ. ಇನ್ನೂ ಕೊಯ್ದೇ ಇಲ್ಲ, ಬಾವು ಎಲ್ಲಿಂದ ಬಂತು ಎಂದು ವಾದಕ್ಕೆ ನಿಂತರು. ಬೀಗರು ಬರುತ್ತಾರೆಂದರೆ ಅವರು ಬಂದು ಕೂತ ಮೇಲೆ ಕಸ ಗುಡಿಸುತ್ತೀರೋ, ಮೊದಲೇ ಗುಡಿಸುತ್ತೀರೋ ಎಂದು ಕೇಳಿದೆ. ಬೀಗರ ಹೆಸರು ಬಂದೊಡನೆ ಒಪ್ಪಿಕೊಂಡರು. ಒಪ್ಪಿದ್ದಷ್ಟೇ ಅಲ್ಲ, ಹನಿ ತಾವೇ ಹಾಕುತ್ತೇನೆಂದು ಹಟ ಹಿಡಿದರು.

ನಾನು ಕುರ್ಚಿಯಲ್ಲಿ ತಲೆ ಹಿಂದಕ್ಕೆ ಮಾಡಿ ಕೂತೆ. ಅವರು ಪೂಜೆಗೆ ಕೂಡುವವರಂತೆ ಕೈ ತೊಳೆದು, ಸೀಸೆ ಅಲ್ಲಾಡಿಸಿ, ಕುಲದೇವರನ್ನು ನೆನೆದರು. ಮೊದಲ ಹನಿ ನನ್ನ ಮೂಗಿನ ಮೇಲೆ ಬಿತ್ತು. ಎರಡನೆಯದು ಹಣೆಯ ಮೇಲೆ. ಮುಂದಿನದು ಕಿವಿಯ ಹತ್ತಿರ. ಇದೇನಪ್ಪ ಎಂದು ತಲೆ ಎತ್ತಿ ನೋಡಿದರೆ, ಸೀಸೆ ಹಿಡಿದ ಮಹಾರಾಯರು ತಮ್ಮ ಎರಡೂ ಕಣ್ಣು ಗಟ್ಟಿಯಾಗಿ ಮುಚ್ಚಿಕೊಂಡಿದ್ದರು.

"ನಿನ್ನ ಕಣ್ಣಾಗ ಏನರ ಬೀಳೂದು ನನಗ ನೋಡಾಕ ಆಗೂದಿಲ್ಲ," ಎಂದರು.

ಪ್ರೀತಿ ಎಂದು ಒಪ್ಪುತ್ತೇನೆ, ಆದರೆ ಕೆಲಸ ನಪಾಸು. ಅಲ್ಲಿಂದ ಮುಂದೆ ನಾನೇ ಹಾಕಿಕೊಂಡೆ. ಮಾಳಿಗೆಯ ಕಡೆ ನೋಡುವುದು, ಕೆಳಗಿನ ರೆಪ್ಪೆಯನ್ನು ಜಗ್ಗಿ ಅಲ್ಲಿ ಒಂದೇ ಹನಿ ಬಿಡುವುದು, ಸೀಸೆಯ ಮೂತಿ ಎಲ್ಲಿಯೂ ತಾಗಬಾರದು, ಆಮೇಲೆ ಕಣ್ಣು ಮುಚ್ಚಿ ಮೂಗಿನ ಪಕ್ಕದ ಮೂಲೆಯನ್ನು ಮೆಲ್ಲಗೆ ಒತ್ತಿ ಹಿಡಿಯುವುದು. ಕಾರ್ಖಾನೆಯಲ್ಲಿ ಇದಕ್ಕಿಂತ ಸೂಕ್ಷ್ಮದ ಕೆಲಸ ಮಾಡಿದ ಕೈ ಇದು. ಯಜಮಾನರಿಗೆ ಸೀಸೆ ಅಲ್ಲಾಡಿಸುವ ಹುದ್ದೆ ಮಾತ್ರ ಉಳಿಯಿತು. ಊರಿಗೆ ಫೋನ್ ಮಾಡಿದಾಗ ಮಾತ್ರ ಈಗಲೂ, ಔಷಧದ ಜವಾಬ್ದಾರಿ ಎಲ್ಲ ನನ್ನದೇ ಎಂದು ಹೇಳಿಕೊಳ್ಳುತ್ತಾರೆ.

ಬೆಕ್ಕಿಗೂ ಗುಣವಾದ ಔಷಧ

ಆಪರೇಷನ್ ಚೆನ್ನಾಗಿ ಆಯಿತು. ಮನೆಗೆ ಬಂದ ದಿನವೇ ಮೇಲಿನ ಮನೆಯ ಮರಾಠಿ ಚಿಕ್ಕಮ್ಮ, ನಮ್ಮೆಲ್ಲರ ಕಾಕು, ಒಂದು ಕೈಯಲ್ಲಿ ಶಿರಾ, ಇನ್ನೊಂದರಲ್ಲಿ ಸಣ್ಣ ಸೀಸೆ ಹಿಡಿದುಕೊಂಡು ಇಳಿದು ಬಂದರು. ಅವರಿಗೆ ಹೋದ ಚಳಿಗಾಲದಲ್ಲಿ ಆಪರೇಷನ್ ಆಗಿತ್ತು. ಉಳಿದ ಅರ್ಧ ಸೀಸೆ ಹನಿಯನ್ನು ಫ್ರಿಜ್ಜಿನಲ್ಲಿ ನಿಂಬೆ ಉಪ್ಪಿನಕಾಯಿಯ ಪಕ್ಕ ಜೋಪಾನ ಮಾಡಿದ್ದರು. ಅದನ್ನು ಈಗ ನನಗೆ ತಂದಿದ್ದರು.

ಅವರ ಮನೆಗೂ ನಮ್ಮ ಮನೆಗೂ ಎಲ್ಲವೂ ಹಂಚಿಕೆಯೇ. ನಮ್ಮ ಹೋಳಿಗೆ ಮೇಲೆ ಹೋಗುತ್ತದೆ, ಅವರ ಎಳ್ಳುಬೆಲ್ಲದ ತಿಳಗುಳ ಕೆಳಗೆ ಬರುತ್ತದೆ, ಗ್ಯಾಸ್ ಸಿಲಿಂಡರ್ ಎರಡೂ ಕಡೆ ಓಡಾಡುತ್ತದೆ. ಆದರೂ ನಾನು ಶಿರಾ ಮಾತ್ರ ತೆಗೆದುಕೊಂಡೆ. ಒಬ್ಬರ ಕಣ್ಣಿನ ಹನಿ ಇನ್ನೊಬ್ಬರಿಗೆ ಹಾಕುವಂತಿಲ್ಲ, ಇಷ್ಟು ದಿನದ ಹಿಂದೆ ತೆರೆದ ಸೀಸೆಯಂತೂ ಬಚ್ಚಲಿಗೇ ಹೋಗಬೇಕು ಎಂದೆ. ಕಾಕುವಿಗೆ ಸಿಟ್ಟು ಬಂತು. ನಾನೇನು ವಿಷ ಕೊಡುತ್ತಿದ್ದೇನೆಯೇ ಎಂದು ಮರಾಠಿಯಲ್ಲಿ ಗದರಿದರು. ಈ ಔಷಧದ ಗುಣ ನಿನಗೇನು ಗೊತ್ತು, ನಮ್ಮ ಮನೆಯವರ ಕಣ್ಣು ಕೆಂಪಾದಾಗ ಇದನ್ನೇ ಹಾಕಿದ್ದೆ, ಕೆಲಸದವಳಿಗೂ ಹಾಕಿದ್ದೆ, ದೀಪಾವಳಿಯಲ್ಲಿ ಬೆಕ್ಕಿಗೂ ಹಾಕಿದ್ದೆ, ಎಲ್ಲರಿಗೂ ಗುಣವಾಯಿತು ಎಂದರು.

ಬೆಕ್ಕು ಈಗ ಹೇಗಿದೆ ಎಂದು ಕೇಳಿದೆ. ಕಾಕು ಸ್ವಲ್ಪ ತಗ್ಗಿದರು. ಕಣ್ಣು ಚಲೋ ಇದೆ, ಆದರೆ ಅಂದಿನಿಂದ ನನ್ನನ್ನು ಕಂಡರೆ ಸೋಫಾದ ಕೆಳಗೆ ಹೋಗಿ ಕೂತುಬಿಡುತ್ತದೆ ಎಂದರು.

ನಾನು ಸೋಫಾದ ಕೆಳಗೆ ಹಿಡಿಸುವುದಿಲ್ಲ ಕಾಕು, ಅದಕ್ಕೇ ಮೊದಲೇ ಬೇಡ ಎನ್ನುತ್ತಿದ್ದೇನೆ ಎಂದೆ.

ಐದು ನಿಮಿಷದ ಧ್ಯಾನ

ನನ್ನವು ಎರಡು ಸೀಸೆ. ಒಂದು ಸೋಂಕಿಗೆ, ಒಂದು ಬಾವಿಗೆ. ಒಂದನ್ನು ಹಾಕಿ ಐದು ನಿಮಿಷವಾದರೂ ಬಿಟ್ಟು ಇನ್ನೊಂದು ಹಾಕಬೇಕು, ಇಲ್ಲವಾದರೆ ಎರಡನೆಯದು ಮೊದಲಿನದನ್ನು ತೊಳೆದುಬಿಡುತ್ತದೆ. ನಾನು ಆ ಹೊತ್ತು ಕಣ್ಣು ಮುಚ್ಚಿಯೇ ಕೂಡುತ್ತಿದ್ದೆ. ಭೇಟಿಗೆ ಬರುವವರು ಸರಿಯಾಗಿ ಆಗಲೇ ಬರುತ್ತಿದ್ದರು. ಆ ತಿಂಗಳಲ್ಲಿ ನಾಗಪುರದಲ್ಲಿ ಸಂತ್ರೆ, ಅಂದರೆ ಕಿತ್ತಳೆ, ಹಿಡಿಯದೆ ಯಾರೂ ಯಾರ ಮನೆಗೂ ಹೋಗುವುದಿಲ್ಲ. ತಂದವರೇ ಸುಲಿದು ಕೊಡುವುದು ಮರ್ಯಾದೆ. ಸಿಪ್ಪೆಯ ರಸ ಚಿಮ್ಮಿ ನನ್ನ ಕಣ್ಣಿಗೆ ಬಿದ್ದರೆ ಗತಿ ಏನು? ಸಂತ್ರೆಯವರೆಲ್ಲ ಬಾಲ್ಕನಿಗೆ ಎಂದು ಕಾನೂನು ಮಾಡಿದೆ.

ಒಂದು ದಿನ ಇಲ್ಲೇ ನಾಗಪುರದ ಅಂಚಿನ ವಾಡಿಯಲ್ಲಿ ಲಾರಿ ವ್ಯವಹಾರ ಮಾಡುವ ಯಜಮಾನರ ಅಣ್ಣ, ಅವರ ಹೆಂಡತಿ ಬಂದು ಬಾಲ್ಕನಿಯಲ್ಲಿ ಕೂತರು. ಬಾಗಿಲು ತೆರೆದೇ ಇತ್ತು. ಕಣ್ಣು ಮುಚ್ಚಿದವರ ಕಿವಿಯೂ ಮುಚ್ಚಿರುತ್ತದೆ ಎಂದು ಅವರು ತಿಳಿದಿರಬೇಕು. ಈಕೆ ಮೊದಲೇ ಯಾರ ಮಾತೂ ಕೇಳುವವಳಲ್ಲ, ಈಗ ಕಣ್ಣಿನ ನೆವ ಬೇರೆ ಸಿಕ್ಕಿದೆ, ನಿನ್ನ ಪಾಡೇನು ಎಂದು ಭಾವನವರು ಕನಿಕರಪಟ್ಟರು. ಅವರ ಮಗಳ ಮದುವೆಗೆ ನಾನು ಮಾಡಿಕೊಟ್ಟ ಬೇಸನ್ ಉಂಡಿ ಒಡೆಯಲು ಸುತ್ತಿಗೆ ಬೇಕಾಗಿತ್ತು ಎಂದು ನೆಗೆಣ್ಣಿ ಸೇರಿಸಿದರು. ನಮ್ಮವರು ಈಗಲಾದರೂ ನನ್ನ ಪರ ಮಾತಾಡುತ್ತಾರೆಂದು ಕಾದೆ. ಅವರು ಒಂದು ತೊಳೆ ಸಂತ್ರೆ ಬಾಯಿಗೆ ಹಾಕಿಕೊಂಡು, ಏನ್ ಮಾಡೂದು, ನಡದೈತಿ ಎಂದರು.

ನನಗೆ ಮೈ ಉರಿಯಿತು. ಆದರೂ ಹೊತ್ತಾಗುವವರೆಗೆ ಅಲುಗಲಿಲ್ಲ. ಐದು ನಿಮಿಷ ಮುಗಿದ ಮೇಲೆ ಎರಡನೆಯ ಹನಿ ಹಾಕಿ, ಮತ್ತೆ ಕಣ್ಣು ಮುಚ್ಚಿ, ಬಾಲ್ಕನಿಯ ಕಡೆ ಮುಖ ಮಾಡಿ ಹೇಳಿದೆ.

"ಇನ್ನೂ ಸ್ವಲ್ಪ ಹೊತ್ತು ಹಿಂಗs ಕೂಡಾಕಿ ಅದೀನ್ರಿ. ಉಳದದ್ದನ್ನೂ ಹೇಳಿ ಮುಗಿಸಿಬಿಡ್ರಿ."

ಸಂತ್ರೆ ಅಗಿಯುವ ಸದ್ದೂ ನಿಂತುಹೋಯಿತು.

ಮಿಹಾನ್ ಗಾಡಿ

ಇದು ನಗುವ ಪ್ರಸಂಗವಾಗಿ ಶುರುವಾಗಲಿಲ್ಲ. ಒಂದು ಮಧ್ಯಾಹ್ನ ಮಲಗಿ ಎದ್ದರೆ ಕಣ್ಣು ಕೆಂಪಾಗಿತ್ತು, ಒಳಗೆ ನೋವು, ಕಿಟಕಿಯೆಲ್ಲ ಮಂಜು ಮಂಜು. ಯಜಮಾನರು ಇದು ಉಷ್ಣ, ಸೌತೆಕಾಯಿ ಇಡು ಎಂದರು. ಕಾಕು ಹನಿಯನ್ನು ಇಮ್ಮಡಿ ಹಾಕು ಎಂದರು. ವಾಡಿಯ ಭಾವನವರು ಫೋನಿನಲ್ಲಿ ಹನಿ ಪೂರಾ ನಿಲ್ಲಿಸು ಎಂದರು. ನೋವು, ಕೆಂಪು, ಮಂಜು ಕಂಡರೆ ಅದೇ ದಿನ ಬರಬೇಕು ಎಂದು ಡಾಕ್ಟರು ಹೇಳಿದ್ದು ನನಗೆ ನೆನಪಿತ್ತು. ಚಹಾ ಕುಡಿದು ಆಟೋ ನೋಡೋಣ ಎನ್ನುತ್ತಿದ್ದರು ಇವರು. ನಾನು ಚಪ್ಪಲಿ ಮೆಟ್ಟಿ ಕೆಳಗಿಳಿದೆ.

ಪಕ್ಕದ ಮನೆಯ ಸೊಸೆಯನ್ನು ಊರಾಚೆ ಕಂಪನಿಗಳೇ ತುಂಬಿರುವ ಮಿಹಾನಿನ ಆಫೀಸಿಗೆ ಒಯ್ಯುವ ಕಂಪನಿ ಗಾಡಿ ಗೇಟಿನಲ್ಲಿ ನಿಂತಿತ್ತು. ಮುಂದಿನ ಸೀಟಿನಲ್ಲಿ ಕೂತುಬಿಟ್ಟೆ. ಹೊರಗಿನವರಿಗೆ ಇದರಲ್ಲಿ ಜಾಗವಿಲ್ಲ ಮೌಶಿ ಎಂದ ಡ್ರೈವರ್ ಹಿಂದಿಯಲ್ಲಿ. ನಾನಾಗಲೇ ಒಳಗಿದ್ದೇನಲ್ಲ, ಕಣ್ಣಿನ ಆಸ್ಪತ್ರೆಗೆ ನಡೆ ಎಂದೆ. ದಾರಿಯಲ್ಲಿ ಹಿಂದೆ ಕೂತಿದ್ದ ಆ ಸೊಸೆಗೆ ಅವಳ ಸಾಹೇಬನ ಫೋನ್ ಬಂತು, ಗಾಡಿ ಏಕೆ ಬೇರೆ ದಾರಿ ಹಿಡಿದಿದೆ ಎಂದು. ಅವಳು ತಡವರಿಸಿದಳು. ನಾನು ಫೋನ್ ಇಸಿದುಕೊಂಡು, ನಿಮ್ಮ ಆಫೀಸು ನಾಳೆಯೂ ಅಲ್ಲೇ ಇರುತ್ತದೆ, ನನ್ನ ಕಣ್ಣು ಇರುತ್ತದೋ ಇಲ್ಲವೋ ಗೊತ್ತಿಲ್ಲ ಎಂದು ಹೇಳಿ ವಾಪಸು ಕೊಟ್ಟೆ.

ಡಾಕ್ಟರು ಯಂತ್ರದಲ್ಲಿ ನೋಡಿದಳು. ಬಾವು ಮತ್ತೆ ಏರಿತ್ತು. ಕೆಲವರಿಗೆ ಹೀಗಾಗುತ್ತದೆ, ಇವತ್ತೇ ಬಂದದ್ದರಿಂದ ಸರಿಹೋಗುತ್ತದೆ ಎಂದಳು. ಹನಿಯನ್ನು ನಾವಾಗಿಯೇ ನಿಲ್ಲಿಸಿದ್ದರೆ ಬಾವು ಇನ್ನೂ ಏರುತ್ತಿತ್ತು, ನಾವಾಗಿಯೇ ಹೆಚ್ಚಿಸಿದ್ದರೆ ಕಣ್ಣಿನೊಳಗಿನ ಒತ್ತಡ ಏರಬಹುದಿತ್ತು ಎಂದು ಹೇಳಿ ಔಷಧ ಬದಲಿಸಿದಳು. ನನಗೆ ಅಳು ಬಂತು. ಅತ್ತರೆ ಹನಿ ತೊಳೆದುಹೋಗುತ್ತದೆಂದು ತಡೆದುಕೊಂಡೆ.

ಈಗ ಆ ಗಾಡಿಯ ಗಾಜಿಗೆ, ಸಿಬ್ಬಂದಿ ಬಿಟ್ಟು ಬೇರೆ ಯಾರನ್ನೂ ಹತ್ತಿಸಬಾರದು ಎಂದು ಕಂಪನಿಯವರು ಚೀಟಿ ಅಂಟಿಸಿದ್ದಾರೆ. ಅದರ ಕೆಳಗೆ ಯಾರೋ ಪೆನ್ನಿನಲ್ಲಿ, ಮೌಶಿಗೆ ಈ ನಿಯಮವನ್ನು ನೀವೇ ಬಂದು ಹೇಳಿ ಎಂದು ಬರೆದಿದ್ದಾರೆ.

ಅರಿಶಿನ, ಕುಂಕುಮ, ಒಂದು ಹನಿ

ಸಂಕ್ರಾಂತಿ ಆದ ಮೇಲೆ ನಮ್ಮ ಕನ್ನಡ ಮಹಿಳಾ ಮಂಡಳಿಯ ಅರಿಶಿನ-ಕುಂಕುಮ ಇತ್ತು. ಅಷ್ಟರಲ್ಲಿ ಕಣ್ಣು ತಿಳಿಯಾಗಿತ್ತು. ಡಾಕ್ಟರು ಸೂಜಿ ಹಿಡಿಯಲು ಒಪ್ಪಿದ್ದಳು, ಕಣ್ಣಿಗೆ ನೀರು ಬೀಳಿಸಲು ಮಾತ್ರ ಇನ್ನೂ ಒಪ್ಪಿರಲಿಲ್ಲ. ಆನೆಗೆ ಸೊಂಡಿಲು ಬಂದಿತ್ತು. ಅದೇ ಸೀರೆ ಉಟ್ಟು, ಬಿಸಿಲಿಗೆಂದು ಕೊಡೆ ಹಿಡಿದು ಹೋದೆ.

ನಮ್ಮ ಅಧ್ಯಕ್ಷೆ ಎಲ್ಲರಿಗಿಂತ ಹಿರಿಯರು. ಅವರಿಗೆ ಎದುರಾಡಿದವರು ಮಂಡಳಿಯಲ್ಲಿ ಯಾರೂ ಇಲ್ಲ. ಆ ಚಳಿಗಾಲದಲ್ಲಿ ನನ್ನಂತೆ ಇನ್ನಿಬ್ಬರು ಅದೇ ಡಾಕ್ಟರ ಹತ್ತಿರ ಆಪರೇಷನ್ ಮಾಡಿಸಿಕೊಂಡಿದ್ದರು. ಮೂವರಿಗೂ ಹನಿಯ ಹೊತ್ತು ಕಾರ್ಯಕ್ರಮದ ನಡುವೆಯೇ ಬರುತ್ತದೆಂದು ತಿಳಿದ ಅಧ್ಯಕ್ಷೆ, ಒಂದೇ ಡಾಕ್ಟರು, ಒಂದೇ ಔಷಧ, ಒಂದೇ ಸೀಸೆ ಸಾಕು ಎಂದು ತೀರ್ಮಾನಿಸಿದ್ದರು. ಆ ಇಬ್ಬರಲ್ಲಿ ಒಬ್ಬರ ಸೀಸೆಯನ್ನು ಹಿಂದಿನ ಸಂಜೆಯೇ ತರಿಸಿ ಮನೆಯಲ್ಲಿ ಇಟ್ಟುಕೊಂಡಿದ್ದರು. ಪಾಪ, ಆಕೆಗೆ ಅವತ್ತು ಮುಂಜಾನೆಯ ಹನಿಯೂ ತಪ್ಪಿತ್ತು.

ಬೆಳ್ಳಿಯ ತಟ್ಟೆ ಬಂತು. ಅರಿಶಿನ, ಕುಂಕುಮ, ಅತ್ತರು, ಗುಲಾಬಿ ನೀರು ಚಿಮುಕಿಸುವ ದಾನಿ, ಪಕ್ಕದಲ್ಲಿ ಹನಿಯ ಸೀಸೆ. ಮೊದಲು ನನ್ನ ಹತ್ತಿರವೇ ಬಂದರು. ಅರಿಶಿನ ಹಚ್ಚಿಸಿಕೊಂಡೆ, ಕುಂಕುಮ ಇಡಿಸಿಕೊಂಡೆ, ಅತ್ತರಿಗೆ ಕೈ ಚಾಚಿದೆ. ಗುಲಾಬಿ ನೀರಿನ ದಾನಿ ಎತ್ತಿದ ತಕ್ಷಣ ಕೊಡೆ ಬಿಚ್ಚಿದೆ. ಸಭೆ ದಂಗಾಯಿತು. ಅಧ್ಯಕ್ಷೆ ಸಿಟ್ಟು ನುಂಗಿಕೊಂಡು ಸೀಸೆ ಕೈಗೆತ್ತಿಕೊಂಡರು. ನನ್ನ ಸೀಸೆ ನನ್ನ ಚೀಲದಲ್ಲಿದೆ ಎಂದೆ.

"ಇಷ್ಟು ವರ್ಷ ಒಂದs ತಾಟಿನಾಗ ಉಂಡೀವಿ. ಈಗ ನಿನಗ ಸೀಸೆ ಬ್ಯಾರೆ ಬೇಕಾತೇನು?" ಎಂದರು. ನನಗೂ ಕೆಡುಕೆನಿಸಿತು.

"ತಾಟು ಒಂದs ಇರಲಿ ಅಕ್ಕಾರ. ಕಣ್ಣು ನಂದು," ಎಂದೆ.

ಅವರು ಕೇಳಲಿಲ್ಲ. ಸೀಸೆ ನನ್ನ ಮುಖದ ಹತ್ತಿರ ಬಂತು. ಅದರ ಮೇಲಿನ ಸಾಸಿವೆಗಾತ್ರದ ಅಕ್ಷರಗಳು ನನ್ನ ಹೊಸ ಕಣ್ಣಿಗೆ ಸ್ಪಷ್ಟವಾಗಿ ಕಂಡವು. ಕಿವಿಗೆ ಮಾತ್ರ ಎಂದಿತ್ತು. ಅವರ ಕೈ ಹಿಡಿದು, ನಪಾಸು ಎಂದೆ. ಇಡೀ ಹಾಲಿಗೆ ಕೇಳಿಸಿತು.

ಅಧ್ಯಕ್ಷೆ ನಂಬಲಿಲ್ಲ. ಸೀಸೆಯನ್ನು ಹತ್ತಿರ ಹಿಡಿದರು, ದೂರ ಹಿಡಿದರು, ಕಿಟಕಿಯ ಬೆಳಕಿಗೆ ಒಯ್ದರು. ಒಂದು ಅಕ್ಷರವೂ ಕಾಣಲಿಲ್ಲ. ತಮಗೆ ಪೊರೆಗಿರೆ ಏನೂ ಇಲ್ಲ ಎಂದು ಅವರು ಇಷ್ಟು ದಿನ ಹೇಳಿಕೊಂಡು ಬಂದದ್ದು ಆ ಕಿಟಕಿಯಲ್ಲೇ ಮುಗಿಯಿತು. ಮುಖ ಮೇಲೆ ಮಾಡಿ ಸಾಲಾಗಿ ಕಾಯುತ್ತಿದ್ದ ಆ ಇಬ್ಬರೂ ಮೆಲ್ಲಗೆ ತಲೆ ಇಳಿಸಿಕೊಂಡರು. ಸೀಸೆ ಕೊಟ್ಟಿದ್ದಾಕೆ ಗಾಬರಿಯಿಂದ, ಹಂಗಾರ ನಂದೆಲ್ಲಿ ಐತಿ ಎಂದು ಕೇಳಿದಳು.

ಎಲ್ಲರೂ ಹಿಂದಕ್ಕೆ ತಿರುಗಿದೆವು. ಕುರ್ಚಿ ಜೋಡಿಸಲು ಬಂದಿದ್ದ ಅಧ್ಯಕ್ಷೆಯ ಯಜಮಾನರು ಕೊನೆಯ ಸಾಲಿನಲ್ಲಿ ಪೇಪರ್ ಓದುತ್ತಾ ಕೂತಿದ್ದರು. ಅವರಿಗೆ ಕಿವಿ ಮಂದ, ದಿನಾ ಮುಂಜಾನೆ ಹೆಂಡತಿಯೇ ಕಿವಿಗೆ ಹನಿ ಹಾಕುತ್ತಿದ್ದರು. ಮುಂಜಾನೆ ಕಿವಿಗೆ ಹನಿ ಹಾಕಿದರೇ ಎಂದು ನಾಲ್ಕೈದು ಮಂದಿ ಕೂಡಿ ಕೂಗಿ ಕೇಳಿದ ಮೇಲೆ ಪೇಪರ್ ಇಳಿಸಿದರು.

"ಹಾಕಿದಳಲ್ಲ," ಎಂದರು. "ಕಿವಿ ಇದ್ದಂಗs ಐತಿ. ಆದ್ರ ಪೇಪರ್ ಮಾತ್ರ ಇವತ್ತು ಭಾಳ ಚಲೋ ಕಾಣಾಕತ್ತೈತಿ."