ವಿಪಿಎನ್ ಒಪ್ಪದ ಆರು ಅಂಕಿ

ಏನಾದರೂ ಕೆಟ್ಟರೆ, ತಪ್ಪು ನನ್ನದಿರಬಹುದು ಎಂಬ ಅನುಮಾನ ನನಗೆ ಎಲ್ಲಕ್ಕಿಂತ ಕಡೆಗೆ ಬರುತ್ತದೆ. ಒಮ್ಮೆ ಉಪ್ಪಿಟ್ಟು ಮಾಡಿ ಉಪ್ಪು ಹಾಕುವುದನ್ನೇ ಮರೆತಿದ್ದೆ. ಬಾಯಿಗಿಟ್ಟ ಕೂಡಲೇ ನನಗೆ ಹೊಳೆದದ್ದು, ಈಗಿನ ಉಪ್ಪಿನಲ್ಲಿ ಮೊದಲಿನ ಸತ್ವ ಉಳಿದಿಲ್ಲ ಎಂದು. ಈ ವಿಷಯವಾಗಿ ಹೆಂಡತಿಯ ಮುಂದೆ ಐದು ನಿಮಿಷ ಮಾತಾಡಿದೆ ಕೂಡ. ಅವಳು ಎದ್ದು ಹೋಗಿ ಉಪ್ಪಿನ ಪ್ಯಾಕೆಟ್ಟು ತಂದು ಎದುರಿಗಿಟ್ಟಳು. ಅದನ್ನು ಇನ್ನೂ ಒಡೆದೇ ಇರಲಿಲ್ಲ.

ನಾನು ದಾವಣಗೆರೆಯ ಒಂದು ಪ್ರಕಾಶನದಲ್ಲಿ ಶಾಲಾ ಗೈಡುಗಳ ಕರಡು ತಿದ್ದುವವನು. ಹೆಂಡತಿ ಸುಜಾತ ಬಿಳಿಚೋಡಿನಲ್ಲಿ ನರ್ಸು. ಹಾಗಾಗಿ ನಮ್ಮ ಮನೆ ಅದಕ್ಕೆ ಹತ್ತಿರದ ಜಗಳೂರಿನಲ್ಲಿ. ಸೋಮವಾರ ಒಂದು ದಿನ ಆಫೀಸಿಗೆ ಹೋಗಿ ಮುಖ ತೋರಿಸಿ ಬಂದರೆ, ವಾರದ ಉಳಿದ ದಿನ ಮನೆಯಿಂದಲೇ ಕೆಲಸ. ಇದು ನನ್ನ ಬಾಳಿನ ದೊಡ್ಡ ಸುಖ. ಮಧ್ಯಾಹ್ನ ಬಿಸಿ ರೊಟ್ಟಿ, ಅದರ ಮೇಲೆ ಒಂದು ಸಣ್ಣ ನಿದ್ದೆ, ಸಂಜೆ ಸುಜಾತ ಬಸ್ಸಿಳಿದು ಬರುವ ಹೊತ್ತಿಗೆ ನಾನೇ ಕುದಿಸಿದ ಚಹಾ. ಆಫೀಸಿನ ಕಂಪ್ಯೂಟರಿನಲ್ಲಿರುವ ಪುಟಗಳನ್ನು ಮನೆಯಲ್ಲೇ ಕೂತು ತೆರೆಯಲು ವಿಪಿಎನ್ ಎಂಬ ಒಂದು ಗುಟ್ಟಿನ ದಾರಿ ಇದೆ. ಪ್ರತಿ ಸಲವೂ ಫೋನಿನಲ್ಲಿ ಆರು ಅಂಕಿಯ ಒಂದು ಸಂಖ್ಯೆ ಮೂಡುತ್ತದೆ. ಅರ್ಧ ನಿಮಿಷಕ್ಕೊಮ್ಮೆ ಅದು ಬದಲಾಗುತ್ತದೆ. ಬದಲಾಗುವುದರೊಳಗೆ ಲ್ಯಾಪ್‌ಟಾಪಿನಲ್ಲಿ ಒತ್ತಿದರೆ ಬಾಗಿಲು ತೆರೆಯುತ್ತದೆ.

ಒಂದು ಮಂಗಳವಾರ ಬಾಗಿಲು ತೆರೆಯಲಿಲ್ಲ. 'ಆಥೆಂಟಿಕೇಷನ್ ಫೇಲ್ಡ್' ಎಂದಿತು. ಬೆರಳು ನಿಧಾನವಾಯಿತೇನೋ ಎಂದು ಇನ್ನೊಮ್ಮೆ ಒತ್ತಿದೆ. ಹತ್ತು ಸಲ ಒತ್ತಿದೆ. ನನ್ನ ಲ್ಯಾಪ್‌ಟಾಪಿನಲ್ಲಿರುವುದು ಎಲ್ಲರಂತೆ ವಿಂಡೋಸ್ ಅಲ್ಲ, ಲಿನಕ್ಸ್. ಇದು ಯಾರೂ ಕೇಳದಿದ್ದರೂ ನಾನು ಎಲ್ಲರಿಗೂ ಹೇಳುವ ಸಂಗತಿ. ಆಫೀಸಿನಲ್ಲಿ ಲಿನಕ್ಸಿನ ಗುಣಗಾನ ಮಾಡೀ ಮಾಡೀ ಹೊನ್ನಾಳಿಯಿಂದ ಚಿತ್ರ ಬರೆದು ಕಳಿಸುವ ಪುಷ್ಪಾ ಎಂಬಾಕೆಗೂ ಅದನ್ನು ಹಾಕಿಸಿದ್ದೆ. ಕಪ್ಪು ಪರದೆ ತೆರೆದು ಬಿಳಿ ಅಕ್ಷರದಲ್ಲಿ ಆಜ್ಞೆ ಬರೆಯುವಾಗ ಮನೆಗೆ ಯಾರಾದರೂ ಬಂದರೆ ನನಗೆ ಬಹಳ ಸಂತೋಷ. ಆ ದಿನ ಯಾರೂ ಬರಲಿಲ್ಲ. ಬಂದಿದ್ದರೆ ನನ್ನ ಬೆವರು ನೋಡಬೇಕಾಗುತ್ತಿತ್ತು.

ಆಫೀಸಿನ ಕಂಪ್ಯೂಟರುಗಳನ್ನು ನೋಡಿಕೊಳ್ಳುವ ವೀರೇಶನಿಗೆ ಫೋನು ಹಚ್ಚಿ, ನಿಮ್ಮ ಸರ್ವರ್ ಕೆಟ್ಟಿದೆ ಎಂದೆ. ಬೇರೆಯವರದೆಲ್ಲ ನಡೆಯುತ್ತಿದೆ, ನಿಮ್ಮ ಲಿನಕ್ಸೇ ಕೆಟ್ಟಿದೆ ಎಂದು ಅವನೆಂದ. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ ಎಂದುಕೊಂಡು ನಾನು ತನಿಖೆಗಿಳಿದೆ. ವಿಪಿಎನ್ ತೆಗೆದು ಹಾಕಿ ಮತ್ತೆ ಕೂಡಿಸಿದೆ. ಫೈರ್‌ವಾಲ್ ಎಂಬ ಕಾವಲುಗೋಡೆಯನ್ನು ಮುಚ್ಚಿದೆ, ತೆಗೆದೆ. ವೈಫೈ ಡಬ್ಬಿಯನ್ನು ದೇವರ ಗೂಡಿನ ಪಕ್ಕದಿಂದ ಟಿವಿಯ ಮೇಲಕ್ಕೆ ಸಾಗಿಸಿದೆ. ಲ್ಯಾಪ್‌ಟಾಪ್ ಹೊತ್ತು ತಾರಸಿಗೂ ಹೋಗಿ ಬಂದೆ. ಕಪ್ಪು ಪರದೆಯಲ್ಲಿ ಬಂದ ಸಾಲುಗಳನ್ನು ಡಾಟು, ಸ್ಲ್ಯಾಶು ಸಮೇತ ವೀರೇಶನಿಗೆ ಓದಿ ಹೇಳಿದೆ. ಅಷ್ಟು ಹೊತ್ತು ನಾನು ಸಹಸ್ರನಾಮ ಓದಿದ್ದರೆ ಪುಣ್ಯವಾದರೂ ಬರುತ್ತಿತ್ತು. ಗುರುವಾರ ಸಂಜೆ ಅವನ ತಾಳ್ಮೆ ಮುಗಿಯಿತು.

"ಸರ್, ಶನಿವಾರದ ತನಕ ನೋಡ್ತೀನ್ರಿ. ಕೂಡಲಿಲ್ಲ ಅಂದ್ರೆ ಸೋಮವಾರದಿಂದ ದಿನಾ ಇಲ್ಲಿಗೇ ಬಂದು ಕೆಲಸ ಮಾಡಾಕೆ ರೆಡಿ ಆಗ್ರಿ."

ಆ ರಾತ್ರಿಯ ಊಟ ನನಗೆ ಸೇರಲಿಲ್ಲ. ದಿನವೂ ದಾವಣಗೆರೆ ಬಸ್ಸು, ತಣ್ಣನೆಯ ಡಬ್ಬಿ, ಚಹಾ ಇಲ್ಲದ ಸಂಜೆ.

ಶುಕ್ರವಾರ ಬೆಳಿಗ್ಗೆ ಸುಜಾತ ಕೆಲಸಕ್ಕೆ ಹೊರಟವಳು ನನ್ನ ಮೇಜಿನ ಹತ್ತಿರ ನಿಂತಳು. ಫೋನು, ಲ್ಯಾಪ್‌ಟಾಪು ಅಕ್ಕಪಕ್ಕ ಇದ್ದವು.

"ಇದ್ರಾಗೆ ಎಂಟೂವರೆ ಐತೆ, ಫೋನ್ನಾಗೆ ಎಂಟು ನಲವತ್ತಾಗೈತೆ. ಆ ಅಂಕಿ ಟೈಮ್ ನೋಡ್ಕಂಡು ಬದಲಾಗೋದಲ್ಲೇನ್ರಿ?"

ನಮ್ಮ ಕಡೆ ಮನೆಯ ಗಡಿಯಾರ ಹತ್ತು ನಿಮಿಷ ಮುಂದಿರುವುದು ಮೊದಲಿನಿಂದ ನಡೆದು ಬಂದ ಪದ್ಧತಿ. ಬಸ್ಸು ತಪ್ಪಬಾರದಲ್ಲ. ಮುಂದಿದೆ ಎಂದು ಮನೆಯವರಿಗೆಲ್ಲ ಗೊತ್ತು, ಆದ್ದರಿಂದ ಎಲ್ಲರೂ ಮನಸ್ಸಿನಲ್ಲೇ ಹತ್ತು ಕಳೆದು ನಿಧಾನವಾಗಿ ಹೊರಟು ಬಸ್ಸು ತಪ್ಪಿಸಿಕೊಳ್ಳುತ್ತಾರೆ. ಆ ವಾರದ ಸೋಮವಾರ ನನಗೂ ಬಸ್ಸು ತಪ್ಪಿತ್ತು. ಸಂಜೆ ಮನೆಗೆ ಬಂದವನು, ಇನ್ನು ಮೇಲೆ ಶಿಸ್ತಿನಿಂದ ಇರಬೇಕೆಂದು ಫೋನಿನ ಗಡಿಯಾರವನ್ನೂ ಹತ್ತು ನಿಮಿಷ ಮುಂದಕ್ಕೆ ತಳ್ಳಿದ್ದೆ. ಪಾಪ, ಫೋನು ಹತ್ತು ನಿಮಿಷ ಆದಮೇಲೆ ಬರಬೇಕಾದ ಸಂಖ್ಯೆಯನ್ನು ಪ್ರಾಮಾಣಿಕವಾಗಿ ಈಗಲೇ ಕೊಡುತ್ತಿತ್ತು. ಗಡಿಯಾರ ಸರಿ ಮಾಡಿದೆ. ಮೊದಲ ಸಲಕ್ಕೇ ಬಾಗಿಲು ತೆರೆಯಿತು. ಸುಜಾತ ನಗಲಿಲ್ಲ, ಬಸ್ಸಿಗೆ ಹೊತ್ತಾಗಿತ್ತು. ಸಂಜೆ ಬಂದು ಚಹಾ ಕುಡಿಯುತ್ತಾ ಸಮಾಧಾನವಾಗಿ ನಕ್ಕಳು. ಆ ಚಹಾದ ರುಚಿಗೆ ನಾನು ಎಷ್ಟು ನಗೆಯನ್ನಾದರೂ ಸಹಿಸುತ್ತಿದ್ದೆ.

ವೀರೇಶನಿಗೆ ಏನೆಂದು ಹೇಳುವುದು? ಬಸ್ಸು, ಗಡಿಯಾರ ಎಂದರೆ ಇಡೀ ಆಫೀಸು ನಗುತ್ತದೆ. ಗಂಟಲು ಸರಿಮಾಡಿಕೊಂಡು, "ಟೈಮ್ ಸಿಂಕ್ರೊನೈಸೇಷನ್ ಪ್ರಾಬ್ಲಂ ಇತ್ತಪ್ಪ, ಹುಡುಕಿ ಸರಿ ಮಾಡಿದೆ" ಎಂದೆ. ಅದು ಎಲ್ಲೋ ಆಕಾಶದ ಉಪಗ್ರಹದಲ್ಲಿ ಕೆಟ್ಟಿತ್ತು ಎಂಬಂತೆ ಕೇಳಿಸಿತು. ವೀರೇಶ ಮನಸ್ಸು ತುಂಬಿ ಹೊಗಳಿದ. ಇನ್ನು ಮೇಲೆ ಲಿನಕ್ಸಿನ ತೊಂದರೆಗಳನ್ನೆಲ್ಲ ನಿಮಗೇ ಕಳಿಸುತ್ತೇನೆ ಎಂದ.

ತಿಂಗಳೊಳಗೆ ಹೊನ್ನಾಳಿಯ ಪುಷ್ಪಾ ಫೋನು ಮಾಡಿದಳು. ಎರಡು ದಿನದಿಂದ ವಿಪಿಎನ್ ಕೂಡುತ್ತಿಲ್ಲ, ಚಿತ್ರ ಇವತ್ತೇ ಹೋಗಬೇಕು, ಅಳು ಬರುವಂತಾಗಿದೆ ಎಂದಳು. ನಾನು ವೈದ್ಯರ ಗಾಂಭೀರ್ಯದಿಂದ, ನಿಮ್ಮ ಫೋನಿನಲ್ಲಿ ಗಂಟೆ ಎಷ್ಟು ಎಂದು ಕೇಳಿದೆ. ಹನ್ನೊಂದು ಹತ್ತು ಎಂದಳು. ನನ್ನದರಲ್ಲಿ ಹನ್ನೊಂದು. ಮಗಳ ಶಾಲೆಗೆ ತಡವಾಗುತ್ತದೆಂದು ಅವಳೂ ಮುಂದಕ್ಕೆ ತಳ್ಳಿದ್ದಳು. ಸರಿ ಮಾಡಿದಳು, ಕೂಡಿತು. ಆಮೇಲೆ ಸಣ್ಣ ದನಿಯಲ್ಲಿ ಹೇಳಿದಳು:

"ಯಾರಿಗೂ ಹೇಳಬ್ಯಾಡ್ರಿ ಸರ್. ಇಂಥ ದಡ್ಡತನ ಲೋಕದಾಗೆ ಯಾರೂ ಮಾಡಿರಾಕಿಲ್ಲ."

ಒಬ್ಬರು ಮಾಡಿದ್ದಾರೆ ಎನ್ನುವುದು ನನ್ನ ನಾಲಿಗೆಯ ತುದಿಯವರೆಗೆ ಬಂತು. ಹೇಳಿದ್ದರೆ ಅವಳಿಗೆ ಎಷ್ಟೋ ಸಮಾಧಾನವಾಗುತ್ತಿತ್ತು. "ಇರ್ಲಿ ಬಿಡಮ್ಮ, ಕಲಿಯೋವಾಗ ಆಗ್ತಾವೆ" ಎಂದು ದೊಡ್ಡ ಮನಸ್ಸಿನಿಂದ ಕ್ಷಮಿಸಿ ಫೋನಿಟ್ಟೆ.