ನಂಬರಿಲ್ಲದ ವರ

ರಾಯಚೂರಿನಲ್ಲಿ ಅಂಗಡಿ ಇಟ್ಟವನು ನಗುವ ಸಲುವಾಗಿ ಎಲ್ಲಿಗೂ ಹೋಗಬೇಕಾಗಿಲ್ಲ. ಕುರ್ಚಿ ಮ್ಯಾಲ ಕೂತಿದ್ದರೆ ಸಾಕು, ನಗು ತಾನೇ ಮೆಟ್ಟಿಲು ಹತ್ತಿ ಬಂದು "ಅಣ್ಣಾ, ನನಗ ಜಿಎಸ್‌ಟಿ ಬೇಕೋ ಬ್ಯಾಡೋ?" ಅಂತ ಕೇಳುತ್ತದೆ.

ನಾನು ಹಿರೇಕೊಟ್ನೆಕಲ್ಲಿನವನು. ಎತ್ತಿನ ಬಾಲ ತಿರುವಿದ ಕೈಯಿಂದಲೇ ಕಂಪ್ಯೂಟರ್ ಒತ್ತುತ್ತೇನೆ. ಸಣ್ಣ ವ್ಯಾಪಾರಸ್ಥರಿಗೆ ಜಿಎಸ್‌ಟಿ ನೋಂದಣಿ ಮಾಡಿಸಿಕೊಡುವುದು ನನ್ನ ಕಸುಬು. ಮಾನ್ವಿಯಿಂದ ದೇವದುರ್ಗದವರೆಗೆ ಈ ಕೆಲಸದಲ್ಲಿ ನನಗೆ ಸರಿಸಾಟಿಯಾದ ಗಂಡಸಿಲ್ಲ. ಇದನ್ನು ನಾನಾಗಿ ಹೇಳುವುದಿಲ್ಲ. ಹೇಳುವವರು ಬೇರೆ ಯಾರೂ ಸಿಗದಿದ್ದಾಗ ಮಾತ್ರ ಹೇಳುತ್ತೇನೆ.

ಇಷ್ಟಿದ್ದೂ ಹೆಣ್ಣು ಕೊಡುವವರಿಗೆ ನನ್ನ ಕೆಲಸ ಅರ್ಥವಾಗುತ್ತಿರಲಿಲ್ಲ. "ಒಂದು ಟೇಬಲ್ಲು, ಒಂದು ಕಂಪ್ಯೂಟರು. ಮಾಲೇ ಇಲ್ಲದ ಅಂಗಡಿ ಎಂಥಾದ್ದು?" ಅಂತ ಎರಡು ಸಂಬಂಧ ತಪ್ಪಿದ್ದವು. ಮೂರನೆಯದು ಮಾನ್ವಿಯದು. ಹುಡುಗಿಯ ಫೋಟೋ ನೋಡಿದ ಮ್ಯಾಲ ಇದೊಂದು ಕೈತಪ್ಪಬಾರದು ಅಂತ ನಾನೂ ನಮ್ಮವ್ವನೂ ಗಟ್ಟಿ ಮಾಡಿದ್ದೆವು. ನೋಡಲು ಹೋಗುವುದಕ್ಕೆ ಇನ್ನೂ ಹದಿನೈದು ದಿನ ಇತ್ತು. ಅಷ್ಟರೊಳಗೆ ಏನೇನಾಯಿತು, ಕೇಳಿರಿ.

ಬಕೆಟ್ಟಿನ ಕೆಳಗಿನ ಸ್ಕ್ಯಾನರ್

ನಮ್ಮ ಅಂಗಡಿಯ ಕೆಳಗೆ ಒಬ್ಬ ಚಾಚಾ ತಳ್ಳುಬಂಡಿಯಲ್ಲಿ ಪ್ಲಾಸ್ಟಿಕ್ ಬಕೆಟ್, ಕೊಡ ಮಾರುತ್ತಾರೆ. ಫೋನಿನಲ್ಲಿ ರೊಕ್ಕ ಹಾಕಿಸಿಕೊಂಡವರಿಗೆಲ್ಲ ಜಿಎಸ್‌ಟಿ ಸಾಹೇಬರ ನೋಟಿಸು ಬರುತ್ತದೆ ಅಂತ ಯಾರೋ ಹೆದರಿಸಿದರಂತೆ. ಮರುದಿನದಿಂದ ಸ್ಕ್ಯಾನರ್ ಒಂದು ಕೆಂಪು ಬಕೆಟ್ಟಿನ ಕೆಳಗೆ ಸೇರಿತು. ಗಿರಾಕಿ ಬಕೆಟ್ ಎತ್ತಿ, ಸ್ಕ್ಯಾನ್ ಮಾಡಿ, ಆ ಕಡೆ ಈ ಕಡೆ ನೋಡಿ, ಮತ್ತೆ ಮುಚ್ಚಿಡಬೇಕು.

ನಾನೇ ಮೇಲೆ ಕರೆದು ಸಮಾಧಾನ ಹೇಳಿದೆ. "ಚಾಚಾ, ಸಾಮಾನು ಮಾರೋರಿಗೆ ವರ್ಷದ ವ್ಯಾಪಾರ ನಲವತ್ತು ಲಕ್ಷ ದಾಟಿದ್ರ ನೋಂದಣಿ. ನಿಮ್ದು ಅದರ ಹತ್ತಿರಾನೂ ಸುಳಿಯಂಗಿಲ್ಲ. ಆರಾಮ ಇರ್ರಿ."

ಖುಷಿಪಡುವುದು ಬಿಟ್ಟು ಚಾಚಾ ಬಾಗಿಲ ಕಡೆ ನೋಡಿದರು. "ಮೆಲ್ಲಗ ಮಾತಾಡು ಬೇಟಾ! ಮಗಳಿಗೆ ಗಂಡು ನೋಡಾಕತ್ತೀನಿ. ಬೀಗರು ಆಗೋರು ಕೇಳಿಸ್ಕೊಂಡ್ರ?"

"ಮತ್ತೇನು ಮಾಡ್ಲಿ?"

"ಎರಡು ಕಾಗದ ಬರಕೊಡು. ಸಾಹೇಬರಿಗೆ ತೋರಿಸಾಕ, ನಲವತ್ತು ದಾಟಿಲ್ಲ ಅಂತ ಒಂದು. ಬೀಗರಿಗೆ ತೋರಿಸಾಕ, ದಾಟ್ಯಾದ ಅಂತ ಒಂದು."

ನಾನು ಹೊಟ್ಟೆ ಹಿಡಿದುಕೊಂಡು ನಕ್ಕೆ. "ಮದುವಿ ಮಾತಿನಾಗ ಸುಳ್ಳು ಹೇಳಬಾರದು ಚಾಚಾ" ಅಂತ ಒಂದು ಉಪದೇಶವನ್ನೂ ಮಾಡಿದೆ.

ಚಾಚಾ ಮೆಟ್ಟಿಲು ಇಳಿಯುತ್ತಾ ಅಂದರು: "ನಿನಗಿನ್ನೂ ಯಾರೂ ಹೆಣ್ಣು ಕೊಟ್ಟಿಲ್ಲಲ್ಲ, ಅದಕ್ಕ ಇಷ್ಟು ಸತ್ಯ ಮಾತಾಡ್ತಿ."

ದೇವದುರ್ಗದ ಗೋಡೆ

ಮುಂದಿನ ವಾರ ದೇವದುರ್ಗದ ಸಿಮೆಂಟ್ ಅಂಗಡಿಯ ಸಾವ್ಕಾರ ಬಂದರು. ವ್ಯಾಪಾರ ನಲವತ್ತು ಲಕ್ಷದ ಅಂಚಿಗೆ ಬಂದಾಗ ಯಾರದೋ ಮಾತು ಕೇಳಿ, ಅಂಗಡಿ ನಡುವೆ ಗೋಡೆ ಕಟ್ಟಿಸಿ, ಅರ್ಧ ಅಂಗಡಿಯನ್ನು ಹೆಂಡತಿ ಹೆಸರಿಗೆ ಮಾಡಿದ್ದರು. ಅವರದೂ ನಲವತ್ತು ದಾಟುವುದಿಲ್ಲ, ಅವರ ಹೆಂಡತಿಯದೂ ದಾಟುವುದಿಲ್ಲ. ನನ್ನನ್ನು ಒಂದು ಮಾತು ಕೇಳಿರಲಿಲ್ಲ, ಅನುಭವಿಸಲಿ ಅಂತ ನಾನೂ ಸುಮ್ಮನಿದ್ದೆ.

"ಏನಾತ್ರಿ ಸಾವ್ಕಾರ್ರ?"

"ಏನಾಗಬೇಕು? ಫ್ಯಾನು ಆಕಿ ಕಡೆ ಹೋತು. ತಕ್ಕಡಿ ಆಕಿ ಕಡೆ ಹೋತು. ಚೀಲಕ್ಕ ಐದು ರೂಪಾಯಿ ಕಮ್ಮಿ ಹಚ್ಚಿ ನನ್ನ ಗಿರಾಕಿಗಳನ್ನೂ ಒಯ್ದಳು. ನಿನ್ನೆ ಗ್ವಾಡಿ ಈ ಕಡೆಯಿಂದ 'ಚಾ ಕಳಸು' ಅಂದ್ರ, 'ಬಾಜೂ ಅಂಗಡಿಯವರಿಗೆಲ್ಲ ಚಾ ಕೊಡ್ತಾ ಕುಂತ್ರ ನನಗ ಪೂರೈಸ್ತದೇನ್ರಿ?' ಅಂದಳು."

"ಈಗ ಏನ್ ಮಾಡೋಣ?"

"ಗ್ವಾಡಿ ಕೆಡವಸ್ತೀನಿ. ಎಲ್ಲಾ ಕೂಡಿಸಿ ನನ್ನ ಹೆಸರಿಗೆ ನೋಂದಣಿ ಮಾಡಿಸಿಬಿಡಪಾ. ಸರಕಾರ ಎಷ್ಟು ಕೇಳಿದ್ರೂ ಅರ್ಧ ಅಂಗಡಿ ಕೇಳಂಗಿಲ್ಲ!"

ಮಾನ್ವಿಯ ಚಹಾ

ಹೆಣ್ಣು ನೋಡಲು ಗೊತ್ತುಮಾಡಿದ್ದ ಸೋಮವಾರ ನಾನು ಇಸ್ತ್ರಿ ಹೊಡೆದ ಅಂಗಿ ಹಾಕಿಕೊಂಡು, ಅವ್ವನನ್ನು ಕರೆದುಕೊಂಡು ಮಾನ್ವಿಗೆ ಹೋದೆ. ಹುಡುಗಿಯ ಅಪ್ಪನದು ಪಂಪ್‌ಸೆಟ್ ಅಂಗಡಿ ಅಂತ ಗೊತ್ತಿತ್ತು. ಅಂಗಡಿಯ ಜಿಎಸ್‌ಟಿ ಕೆಲಸವನ್ನೆಲ್ಲ ಹುಡುಗಿಯೇ ನೋಡುತ್ತಾಳೆ ಅನ್ನುವುದನ್ನು ಮಾತ್ರ ಯಾರೂ ಹೇಳಿರಲಿಲ್ಲ.

ಚಹಾ ಬರುವ ಮೊದಲೇ ಹುಡುಗಿಯ ಸೋದರಮಾವ ಕೇಳಿದರು: "ವರ್ಷಕ್ಕ ಎಷ್ಟು ವ್ಯವಹಾರ, ತಮ್ಮಾ?"

ತಪ್ಪಿದ ಎರಡೂ ಸಂಬಂಧ ನೆನಪಾದವು. ನಾಲಿಗೆ ನನ್ನನ್ನು ಕೇಳಲೇ ಇಲ್ಲ. "ಇಪ್ಪತ್ತೈದು ಲಕ್ಷ ಎಲ್ಲೂ ಹೋಗಂಗಿಲ್ರಿ."

ಸೋದರಮಾವ ಹುಬ್ಬೇರಿಸಿದರು. ಅವ್ವ ಸೆರಗು ಸರಿಮಾಡಿಕೊಂಡು ಇಪ್ಪತ್ತೈದು ಲಕ್ಷದವಳ ಹಾಗೆ ಕೂತಳು. ಅಷ್ಟರಲ್ಲಿ ಹುಡುಗಿ ಚಹಾ ತಂದಳು. ಕಪ್ಪು ನನ್ನ ಕೈಗಿಟ್ಟು, ಫೋನ್ ತೆಗೆದಳು.

"ನಿಮ್ಮಂಗ ಸೇವಾ ಕೊಡೋರಿಗೆ ಮಿತಿ ಇಪ್ಪತ್ತೇ ಲಕ್ಷ ಅಲ್ರೀ? ನಿಮ್ದು ದಾಟ್ಯಾದ. ಜಿಎಸ್‌ಟಿ ನಂಬರ್ ಹೇಳ್ರಿ, ನೋಡ್ತೀನಿ."

ಊರಿಗೆಲ್ಲ ನಂಬರ್ ಕೊಡಿಸಿದವನು ನಾನು. ನನಗೇ ನಂಬರ್ ಇರಲಿಲ್ಲ, ಯಾಕಂದ್ರ ಅದು ಬೇಕಾಗುವಷ್ಟು ವ್ಯವಹಾರವೇ ಇರಲಿಲ್ಲ. ಇಪ್ಪತ್ತೈದು ಅಂತ ಹಟ ಹಿಡಿದರೆ ಕಾನೂನು ಮುರಿದ ವರ. ನಿಜ ಹೇಳಿದರೆ ಸುಳ್ಳು ಹೇಳಿದ ವರ. ಚಾಚಾ ಕೇಳಿದ ಎರಡು ಕಾಗದ ಕಣ್ಣ ಮುಂದೆ ಹಾರಾಡಿದವು.

"ಆರು ಲಕ್ಷ ರೀ" ಅಂದೆ.

"ಎಷ್ಟು?" ಅಂದರು ಸೋದರಮಾವ.

"ಆರು."

ಅವ್ವ ನನ್ನ ಸಹಾಯಕ್ಕೆ ಬಂದಳು. "ಅದರಾಗ ನಮ್ಮ ಎಮ್ಮಿ ಹಾಲಿಂದೂ ಸೇರ್ಯಾದ್ರಿ. ನನ್ನ ಮಗ ಸುಳ್ಳು ಹೇಳಂಗಿಲ್ಲ."

ಸೋದರಮಾವ ಕಪ್ಪು ಕೆಳಗಿಟ್ಟರು. ಹುಡುಗಿಯ ಅಪ್ಪ ಗೋಡೆಯ ಕ್ಯಾಲೆಂಡರ್ ನೋಡತೊಡಗಿದರು. ಮೂರನೆಯದೂ ಹೋಯಿತು ಅಂತ ನಾನು ಬಾಗಿಲಲ್ಲಿ ಬಿಟ್ಟ ಚಪ್ಪಲಿಯನ್ನು ಕಣ್ಣಲ್ಲೇ ಹುಡುಕಿದೆ.

ಹುಡುಗಿ ನಗು ತಡೆದುಕೊಂಡು ಅಪ್ಪನಿಗೆ ಅಂದಳು: "ಇರಲಿ ಬಿಡಪ್ಪಾ. ಮಂದಿ ತಪ್ಪು ಲೆಕ್ಕ ಕೊಟ್ಟು, ನೋಟಿಸು ಬಂದ್ರೂ ವರ್ಷಗಟ್ಲೆ ತಿದ್ದಂಗಿಲ್ಲ. ಇವರು ಚಾ ಆರೋದ್ರೊಳಗ ತಿದ್ದಿಕೊಂಡಾರ."

ಆಮೇಲೆ ನಮ್ಮವ್ವನ ಕೈಯಿಂದ ಖಾಲಿ ಕಪ್ಪು ಇಸಕೊಳ್ಳುತ್ತಾ ಅಂದಳು: "ಎಮ್ಮಿ ಹಾಲಿಗೆ ತೆರಿಗಿ ಇಲ್ಲ ಬಿಡ್ರಿ, ಅತ್ತೀ."

ಅತ್ತೀ ಅಂದದ್ದು ಎಲ್ಲರಿಗಿಂತ ಮೊದಲು ತಾಕಿದ್ದು ಸೋದರಮಾವನಿಗೆ. ಕೆಳಗಿಟ್ಟ ಕಪ್ಪನ್ನು ಮತ್ತೆ ಎತ್ತಿಕೊಂಡು, ಒಂದು ಗುಟುಕು ಕುಡಿದು, ನನ್ನ ಕಡೆ ತಿರುಗಿದರು.

"ಹಂಗಾದ್ರ ಎಮ್ಮಿ ಎಷ್ಟು ಅದಾವ ತಮ್ಮಾ?"

ಹತ್ತು ಅನ್ನುವ ಮಾತು ತುಟಿಗೆ ಬಂದಿತ್ತು. ಹುಡುಗಿ ಫೋನ್ ಕೈಯಲ್ಲಿ ಹಿಡಿದು ನನ್ನನ್ನೇ ನೋಡುತ್ತಿದ್ದಳು.

"ಎರಡು ರೀ" ಅಂದೆ. "ಒಂದು ಇನ್ನೂ ಕರು."